ಎರಡು ನಿಮಿಷದ ಥ್ರಿಲ್ಲರ್‌ಗೆ ಪುಕ್ಕಟೆ ಡಾವಿಂಚಿ ರಿಸಾಲ್ವ್ ಸಾಕೇ?

ಥ್ರಿಲ್ಲರ್ ಸಿನಿಮಾ ಒಂದರ ಮೊದಲ ಎರಡು ನಿಮಿಷ ಮಾತ್ರ ತೆಗೆಯಿರಿ, ಟೈಟಲ್ ಕಾರ್ಡುಗಳೂ ಅದರೊಳಗೇ ಬರಲಿ, ಆಮೇಲೆ ಯಾವ ತೀರ್ಮಾನ ಯಾಕೆ ತೆಗೆದುಕೊಂಡಿರಿ ಎಂದು ಬರೆದುಕೊಡಿ. ಮಾಧ್ಯಮ ಓದುವ ಮಕ್ಕಳಿಗೆ ಇದು ಹಳೆಯ ಪಾಠ. ಬ್ರಿಟನ್ನಿನ ಓಸಿಆರ್ ಪರೀಕ್ಷಾ ಮಂಡಳಿ ತನ್ನ ಎಎಸ್ (ನಮ್ಮ ಪಿಯುಸಿಗೆ ಸಮೀಪದ ಹಂತ) ಮೀಡಿಯಾ ಸ್ಟಡೀಸ್‌ನಲ್ಲಿ ವರ್ಷಗಟ್ಟಲೆ ಇಂಥದ್ದೇ ಕೆಲಸ ಕೊಡುತ್ತಿತ್ತು. 100 ಅಂಕದಲ್ಲಿ 20 ಸಿದ್ಧತೆಗೆ, 60 ಚಿತ್ರಕ್ಕೆ, 20 ಅವಲೋಕನಕ್ಕೆ. ಕಥೆಯ ಪ್ರಕಾರ ಯಾವುದಾದರೂ ಆಗಬಹುದಿತ್ತು. ಆದರೆ ಥ್ರಿಲ್ಲರ್‌ಗೆ ಒಂದು ಕಾರಿಡಾರ್, ಒಂದು ಬಾಗಿಲು, ಇಬ್ಬರು ನಟರು ಇದ್ದರೆ ಸಾಕು, ಹಾಗಾಗಿ ಜೇಬು ಹಗುರಾದವರೆಲ್ಲ ಅದಕ್ಕೇ ಕೈಹಾಕುತ್ತಾರೆ. ನಮ್ಮ ಪತ್ರಿಕೋದ್ಯಮ ವಿಭಾಗಗಳ ವಿದ್ಯಾರ್ಥಿಗಳ ಲೆಕ್ಕಾಚಾರವೂ ಬೇರೆಯಲ್ಲ.

ಇಂಥ ಕೆಲಸಕ್ಕೆ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ವಿಡಿಯೋ ಸಂಕಲನದ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹೇಗೆ ಎಂಬುದು ಇಲ್ಲಿನ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡಬಹುದು: ಸಾಕು, ಸಾಕಾಗಿ ಮಿಗುತ್ತದೆ. ಆ ಮಿಗುವುದೇ ತೊಂದರೆ. ಇದು ಹುಟ್ಟಿದ್ದು ಬಣ್ಣ ತಿದ್ದುವ ಯಂತ್ರವಾಗಿ, ದೊಡ್ಡ ಸ್ಟುಡಿಯೋಗಳು ಮಾತ್ರ ಕೊಳ್ಳಬಹುದಾಗಿದ್ದ ಬೆಲೆಯಲ್ಲಿ. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಅದನ್ನು ಕೊಂಡಿತು, 2011ರಲ್ಲಿ ಪುಕ್ಕಟೆ ಆವೃತ್ತಿ ಬಿಟ್ಟಿತು. ಸಂಕಲನ, ಧ್ವನಿಯ ಫೇರ್‌ಲೈಟ್ ಪುಟ, ಗ್ರಾಫಿಕ್ಸ್‌ನ ಫ್ಯೂಷನ್ ಪುಟ ಎಲ್ಲ ಆಮೇಲೆ ಸೇರಿದವು. ಹೀಗಾಗಿ ತೆರೆದ ಕೂಡಲೇ ಕಣ್ಣು ಹೋಗುವುದು ಬಣ್ಣದ ಪುಟಕ್ಕೆ. ನಮ್ಮ ಚಿತ್ರರಂಗದವರು ಡಿಐ ಎನ್ನುವ ಆ ಕೆಲಸದಲ್ಲೇ ವಿದ್ಯಾರ್ಥಿಗಳ ಮೂರು ದಿನ ಕಳೆದುಹೋಗುತ್ತದೆ, ಸದ್ದಿಗೆ ಉಳಿಯುವುದು ಒಪ್ಪಿಸುವ ಹಿಂದಿನ ರಾತ್ರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಯಂತ್ರದ ವಿಚಾರ

16 ಜಿಬಿ ರ್‍ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಇದ್ದರೆ ಎರಡು ನಿಮಿಷದ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಆರಾಮವಾಗಿ ಓಡುತ್ತದೆ. 8 ಜಿಬಿಯ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ, ಆದರೆ ಫ್ಯೂಷನ್ ಪುಟಕ್ಕೆ ಹೋದ ಕ್ಷಣ ಉಸಿರುಗಟ್ಟುತ್ತದೆ. ಅಂಥ ಯಂತ್ರದಲ್ಲಿ ಮೂರು ಕೆಲಸ ಮಾಡಿ. ಪ್ಲೇಬ್ಯಾಕ್ ಮೆನುವಿನಲ್ಲಿ ಟೈಮ್‌ಲೈನ್ ಪ್ಲೇಬ್ಯಾಕ್ ರೆಸಲ್ಯೂಷನ್ (ಹಳೆಯ ಆವೃತ್ತಿಗಳಲ್ಲಿ ಪ್ರಾಕ್ಸಿ ರೆಸಲ್ಯೂಷನ್) ಅರ್ಧಕ್ಕೋ ಕಾಲಿಗೋ ಇಳಿಸಿ. ರೆಂಡರ್ ಕ್ಯಾಶ್ ‘ಸ್ಮಾರ್ಟ್’ ಮಾಡಿ. ಮೊಬೈಲಿನ ಕ್ಲಿಪ್‌ಗಳನ್ನೆಲ್ಲ ಆರಿಸಿ, ಬಲ ಕ್ಲಿಕ್ ಮಾಡಿ, ಪ್ರಾಕ್ಸಿ, ಅಂದರೆ ಹಗುರವಾದ ನಕಲು, ತಯಾರಿಸಲು ಹೇಳಿ ಊಟಕ್ಕೆ ಹೋಗಿ.

ಲಿನಕ್ಸ್ ಹಾಕಿರುವ ಲ್ಯಾಬಿನವರು ಎಚ್ಚರ. ಅಲ್ಲಿನ ಉಚಿತ ಆವೃತ್ತಿ ಎಚ್.264 ವಿಡಿಯೋ ಓದುವುದಿಲ್ಲ, ಎಎಸಿ ಧ್ವನಿಯೂ ಕೇಳಿಸದು. ಮೊಬೈಲಿನಿಂದ ಬರುವುದು ಹೆಚ್ಚಾಗಿ ಇವೆರಡೇ. ಎಲ್ಲವನ್ನೂ ಮೊದಲು ಡಿಎನ್‌ಎಕ್ಸ್‌ಎಚ್‌ಆರ್ ವಿಡಿಯೋ ಮತ್ತು ಪಿಸಿಎಂ ಧ್ವನಿಗೆ ಬದಲಿಸಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ಪ್ರೋಗ್ರಾಮು ಬಳಸುವುದೇ ಲೇಸು.

ಇನ್ನೊಂದು, ಇದರ ಪ್ರಾಜೆಕ್ಟ್ ವರ್ಡ್ ಕಡತದ ಹಾಗೆ ಫೋಲ್ಡರಿನಲ್ಲಿ ಕುಳಿತಿರುವುದಿಲ್ಲ, ರಿಸಾಲ್ವ್‌ನ ಸ್ವಂತ ಡೇಟಾಬೇಸಿನಲ್ಲಿ ಇರುತ್ತದೆ. ರೀಸ್ಟಾರ್ಟ್ ಆದಾಗೆಲ್ಲ ಅಳಿಸಿಹೋಗುವಂತೆ ಇಟ್ಟಿರುವ ಲ್ಯಾಬ್ ಕಂಪ್ಯೂಟರಿನಲ್ಲಿ ಸಂಜೆಯ ಕೆಲಸ ಬೆಳಿಗ್ಗೆ ಮಾಯ. ದಿನದ ಕೊನೆಗೆ ಪ್ರಾಜೆಕ್ಟನ್ನು ಡಿಆರ್‌ಪಿ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅದರಲ್ಲಿ ಸಂಕಲನ ಮಾತ್ರ ಇರುತ್ತದೆ, ದೃಶ್ಯಗಳಿರುವುದಿಲ್ಲ. ದೃಶ್ಯಗಳೂ ಸೇರಿ ಬೇಕಾದರೆ ಪ್ರಾಜೆಕ್ಟ್ ಆರ್ಕೈವ್ ಎಂಬ ಡಿಆರ್‌ಎ ಆಯ್ಕೆ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಒಂದು ಕಡತವೂ ಕೂರದು. ಮನೆಯಲ್ಲಿ ಹೊಸ ಆವೃತ್ತಿ, ಕಾಲೇಜಿನಲ್ಲಿ ಹಳೆಯದು ಇದ್ದರೆ ಮನೆಯಲ್ಲಿ ಮಾಡಿದ್ದು ಕಾಲೇಜಿನಲ್ಲಿ ತೆರೆಯುವುದಿಲ್ಲ. ತಂಡದ ಎಲ್ಲರೂ ಮೊದಲ ದಿನವೇ ಒಂದೇ ಆವೃತ್ತಿ ಹಾಕಿಕೊಳ್ಳಬೇಕು.

ಶೂಟಿಂಗಿನಲ್ಲೇ ಕೆಡುವುದು

ರಿಸಾಲ್ವ್ ಮೇಲೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಅದರ ತಪ್ಪಲ್ಲ. ‘ಮಾತು ತುಟಿಗೆ ಕೂರುತ್ತಿಲ್ಲ’ ಎಂಬುದು ಸಾಮಾನ್ಯ ದೂರು. ಮೊಬೈಲಿನ ಮಾಮೂಲಿ ಕ್ಯಾಮೆರಾ ಫ್ರೇಮ್ ರೇಟನ್ನು ಬೆಳಕಿಗೆ ತಕ್ಕಂತೆ ಏರಿಳಿಸುತ್ತದೆ, ರಿಸಾಲ್ವ್‌ಗೆ ಅದು ಆಗಿಬರುವುದಿಲ್ಲ. ಕತ್ತಲ ದೃಶ್ಯಗಳಲ್ಲಿ ಇನ್ನೂ ಹೆಚ್ಚು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಕ್ಲಿಪ್‌ಗಳನ್ನು ಹೊರತೆಗೆದರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಇದೇ ಕಂಪನಿಯ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆಪ್. ಅದೂ ಪುಕ್ಕಟೆ. ಐಫೋನಿಗೆ 2023ರಲ್ಲಿ, ಆಂಡ್ರಾಯ್ಡಿಗೆ 2024ರಲ್ಲಿ ಬಂತು, ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ನಡೆಯುವುದಿಲ್ಲ.

ಆಪ್‌ನಲ್ಲಿ ಫ್ರೇಮ್ ರೇಟ್ 25, ಶಟರ್ 1/50 ಎಂದು ಕಟ್ಟಿಹಾಕಿ. ನಮ್ಮ ವಿದ್ಯುತ್ತು 50 ಹರ್ಟ್ಸ್. 30 ಫ್ರೇಮ್, 1/60ರಲ್ಲಿ ತೆಗೆದರೆ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಪರದೆ ಮೇಲೆ ಮಿಣಮಿಣ ಅನ್ನುತ್ತವೆ. ಆ ಮಿಣುಕನ್ನು ತೆಗೆಯುವ ಡೀಫ್ಲಿಕರ್ ಸಾಧನ ಕಾಸು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ ಇದೆ. ವೈಟ್ ಬ್ಯಾಲೆನ್ಸನ್ನೂ ಕಟ್ಟಿಹಾಕಿ, ಎಚ್‌ಡಿಆರ್ ಆಫ್ ಮಾಡಿ. ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ದಾಟದಿರಲಿ.

ಈ ಕೊನೆಯ ಮಾತು ಥ್ರಿಲ್ಲರ್ ಮಾಡುವವರಿಗೆ ಬೇವಿನಂತೆ ಕಹಿ. ಕತ್ತಲು ಬೇಕೆಂದು ದೀಪವೇ ಇಲ್ಲದೆ ತೆಗೆಯುತ್ತಾರೆ, ಮೊಬೈಲು ಐಎಸ್‌ಓ ಏರಿಸಿ ಚಿತ್ರದ ತುಂಬ ರವೆ ಎರಚಿಡುತ್ತದೆ. ಉಚಿತ ಆವೃತ್ತಿಯಲ್ಲಿ ಆ ರವೆ ತೆಗೆಯುವ ಚಿತ್ರದ ನಾಯ್ಸ್ ರಿಡಕ್ಷನ್ ಇಲ್ಲ. ಬಳಸಲು ಹೋದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ. ಪರದೆ ಮೇಲಿನ ಕತ್ತಲೆಂದರೆ ಬೆಳಕಿಲ್ಲದ ಜಾಗವಲ್ಲ, ಒಂದು ಮೂಲೆಯಲ್ಲಿ ಮಾತ್ರ ಬೆಳಕಿರುವ ಜಾಗ. ಒಂದು ಟೇಬಲ್ ಲ್ಯಾಂಪ್, ಅದರ ಬೆಳಕನ್ನು ಮುಖಕ್ಕೆ ತಿರುಗಿಸಲು ಬಿಳಿ ಥರ್ಮೋಕೋಲ್, ಹಿಂದಿನ ಗೋಡೆಗೆ ಬಟರ್ ಪೇಪರ್ ಕಟ್ಟಿದ ಇನ್ನೊಂದು ದೀಪ, ಕಿಟಕಿಯಿಂದ ಬೆಳದಿಂಗಳ ಭ್ರಮೆ ಬೇಕಾದರೆ ನೀಲಿ ಜಿಲೇಟಿನ್ ಕಾಗದ. ಬರೀ ಕಣ್ಣಿಗೆ ‘ಇದೇನು ಇಷ್ಟು ಬೆಳಕು’ ಅನ್ನಿಸುವಷ್ಟು ಇಟ್ಟು ತೆಗೆಯಿರಿ. ಕಡಿಮೆ ಮಾಡುವುದು ರಿಸಾಲ್ವ್‌ನಲ್ಲಿ ಎರಡು ನಿಮಿಷದ ಕೆಲಸ. ಇಲ್ಲದ ಬೆಳಕನ್ನು ಏರಿಸುವುದು ಯಾವ ಸಾಫ್ಟ್‌ವೇರಿಗೂ ಆಗದು.

ತೆಗೆದ ಕ್ಲಿಪ್‌ಗಳನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಹಿಂಡಿದ ಬಟ್ಟೆಯಾಗಿ ಬರುತ್ತದೆ.

ಸಂಕಲನ ಮತ್ತು ಟೈಟಲ್

ಒಂದು ಕ್ಲಿಪ್ಪನ್ನೂ ಒಳಗೆ ತರುವ ಮೊದಲು ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ 1920×1080, 25 ಫ್ರೇಮ್ ಎಂದು ನಮೂದಿಸಿ. ದೃಶ್ಯ ಬಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಇದು ಈ ಪ್ರೋಗ್ರಾಮಿನ ಹಳೆಯ ಮೊಂಡುತನ. 4ಕೆಯಲ್ಲಿ ತೆಗೆದು 1080ರ ಟೈಮ್‌ಲೈನಿನಲ್ಲಿ ಕೂರಿಸಿದರೆ ಒಂದು ಲಾಭವಿದೆ: ಶಾಟನ್ನು ಎರಡರಷ್ಟು ಹಿಗ್ಗಿಸಿದರೂ ಮಸುಕಾಗದು. ಇನ್ಸ್‌ಪೆಕ್ಟರಿನ (ಕ್ಲಿಪ್ಪಿನ ಸೆಟ್ಟಿಂಗುಗಳ ಫಲಕ) ಡೈನಾಮಿಕ್ ಝೂಮ್ ಹಾಕಿ, ನಾಲ್ಕು ಸೆಕೆಂಡಿನಲ್ಲಿ ನೂರಕ್ಕೆ ಐದಾರರಷ್ಟು ಮಾತ್ರ ಒಳಗೆ ಸರಿಯುವಂತೆ ಮಾಡಿದರೆ, ನೋಡುವವನಿಗೆ ಕ್ಯಾಮೆರಾ ಸರಿದದ್ದು ತಿಳಿಯುವುದಿಲ್ಲ, ಕಸಿವಿಸಿ ಮಾತ್ರ ತಿಳಿಯುತ್ತದೆ. ಡೈನಾಮಿಕ್ ಝೂಮ್‌ನ ಮಾಮೂಲಿ ಅಳತೆ ತೀರಾ ಜೋರು, ಅದರ ಎರಡು ಚೌಕಗಳನ್ನು ಕೈಯಿಂದ ಹತ್ತಿರ ತನ್ನಿ.

ಎರಡು ನಿಮಿಷವೆಂದರೆ 3000 ಫ್ರೇಮು. ಅದರಲ್ಲಿ ಹತ್ತು ಟೈಟಲ್ ಕಾರ್ಡು, ಒಂದೊಂದಕ್ಕೆ ಎರಡೂವರೆ ಸೆಕೆಂಡು ಎಂದರೆ 25 ಸೆಕೆಂಡು ಹೋಯಿತು. ಇವನ್ನೆಲ್ಲ ಕಪ್ಪು ಪರದೆ ಮೇಲೆ ಹಾಕಿದರೆ ಚಿತ್ರದ ಐದರಲ್ಲೊಂದು ಪಾಲು ಬರೀ ಕಪ್ಪು. ಆದ್ದರಿಂದ ಹೆಸರುಗಳು ದೃಶ್ಯದ ಮೇಲೇ ಬರಲಿ, ಶಾಟ್ ತೆಗೆಯುವಾಗಲೇ ಅವಕ್ಕೆ ಒಂದು ಬದಿ ಖಾಲಿ ಬಿಟ್ಟಿರಬೇಕು. ಚಿತ್ರದ ಹೆಸರಿಗೊಂದು ಕಪ್ಪು ಸಾಕು. ಕ್ರಮದಲ್ಲಿ ನಮ್ಮವರ ವಾಡಿಕೆಯೇ ಸರಿಯಿದೆ: ಅರ್ಪಿಸುವವರು, ಪಾತ್ರವರ್ಗ, ಸಂಗೀತ, ಸಂಕಲನ, ಛಾಯಾಗ್ರಹಣ, ನಿರ್ಮಾಣ, ಕಡೆಗೆ ನಿರ್ದೇಶನ.

ಕನ್ನಡ ಟೈಟಲ್ ಹಾಕುವವರಿಗೆ ಇಲ್ಲೊಂದು ಗುಂಡಿ ಇದೆ. ಹಳೆಯ ಆವೃತ್ತಿಗಳಲ್ಲಿ ರಿಸಾಲ್ವ್‌ನ ಟೈಟಲ್ ಸಾಧನ ‘ಟೆಕ್ಸ್ಟ್ ಪ್ಲಸ್’ ಒತ್ತಕ್ಷರಗಳನ್ನು ಒಡೆದು ಹಾಕುತ್ತಿತ್ತು. ನಿಮ್ಮ ಆವೃತ್ತಿಯಲ್ಲಿ ‘ಸ್ತ್ರೀ’, ‘ಕರ್ತೃ’, ‘ಕ್ಷಣ’, ‘ಛಾಯಾಗ್ರಹಣ’ ಎಂಬ ನಾಲ್ಕು ಪದ ಟೈಪಿಸಿ ನೋಡಿ. ಒಂದು ಒಡೆದರೂ ಆ ದಾರಿ ಬಿಡಿ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ಪ್ರೋಗ್ರಾಮಿನಲ್ಲಿ ಯೂನಿಕೋಡ್ ಅಕ್ಷರದಿಂದ ಕಾರ್ಡು ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಆಗಿ ಉಳಿಸಿ, ಮೇಲಿನ ಟ್ರ್ಯಾಕಿನಲ್ಲಿ ಇಡಿ. ನುಡಿಯ ಹಳೆಯ ಎಎಸ್‌ಸಿಐಐ ಫಾಂಟುಗಳು ಎಲ್ಲಿ ಹಾಕಿದರೂ ಒಡೆಯುವುದಿಲ್ಲ ಎಂಬುದು ನಿಜ, ಆದರೆ ಅಕ್ಷರ ತಿದ್ದಬೇಕಾದಾಗ ಇಡೀ ಸಾಲನ್ನೇ ಮತ್ತೆ ಬದಲಾಯಿಸಿಕೊಂಡು ತರಬೇಕು. ಅಕ್ಷರಗಳ ನಡುವೆ ಅಂತರ ಹಿಗ್ಗಿಸಿ ಗಾಂಭೀರ್ಯ ತರುವುದು ರೋಮನ್ ಲಿಪಿಯ ಚಟ. ಕನ್ನಡದಲ್ಲಿ ಹಾಗೆ ಮಾಡಿದರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ತಿರೋ ಕನ್ನಡದಂಥ ತೆಳು-ದಪ್ಪ ಏರಿಳಿತದ ಅಕ್ಷರವನ್ನು ಚಿಕ್ಕದಾಗಿ, ಪರದೆಯ ಒಂದು ಮಗ್ಗುಲಿಗೆ ಇಟ್ಟರೆ ಕೆಲಸ ನಡೆಯುತ್ತದೆ. ಒಂದೊಂದೇ ಅಕ್ಷರ ಮೂಡುವ ‘ರೈಟ್ ಆನ್’ ಅನ್ನೂ ಬಿಡಿ, ಒತ್ತು-ಗುಣಿತ ಬೇರೆಬೇರೆಯಾಗಿ ಬಂದು ನಗೆಪಾಟಲಾಗಬಹುದು. 12 ಫ್ರೇಮಿನ ಫೇಡ್ ಸಾಕು.

ಸಂಕಲನದ ಪುಟಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಡಬಹುದು. ಆಲ್ಟ್ ಒತ್ತಿಕೊಂಡು ಧ್ವನಿಯ ಅಂಚನ್ನು ಮಾತ್ರ ಎಳೆದರೆ ಮುಂದಿನ ಶಾಟಿನ ಸದ್ದು ಇದೇ ಶಾಟಿನಲ್ಲಿ ಶುರುವಾಗುತ್ತದೆ. ಹುಡುಗಿ ಮೆಟ್ಟಿಲು ಹತ್ತುತ್ತಿರುವಾಗಲೇ, ಇನ್ನೂ ಕಾಣದ ಬಾಗಿಲಿನ ಚಿಲಕ ಸರಿಯುವ ಸದ್ದು 15 ಫ್ರೇಮ್ ಮೊದಲೇ ಕೇಳಿಸಿದರೆ ಅರ್ಧ ಥ್ರಿಲ್ಲರ್ ಅಲ್ಲೇ ಆಯಿತು. ಔಟ್‌ಪುಟ್ ಬ್ಲ್ಯಾಂಕಿಂಗ್‌ನಲ್ಲಿ 2.39 ಆರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ‘ಸಿನಿಮಾ’ದಂತೆ ಕಾಣುತ್ತದೆ. ಶೂಟಿಂಗಿನಲ್ಲಿ ಅದಕ್ಕೆ ಜಾಗ ಬಿಟ್ಟಿರದಿದ್ದರೆ ನಟರ ನೆತ್ತಿ ಹಾರಿಹೋಗುತ್ತದೆ, ಅಷ್ಟೇ.

ಬಣ್ಣ: ನಾಲ್ಕು ನೋಡ್ ಸಾಕು

ನೋಡ್ ಎಂದರೆ ಬಣ್ಣ ತಿದ್ದುವ ಒಂದೊಂದು ಹಂತ. ಮೊದಲ ನೋಡಿನಲ್ಲಿ ಎಲ್ಲ ಶಾಟುಗಳ ಬೆಳಕು ಒಂದೇ ಮಟ್ಟಕ್ಕೆ. ಎರಡನೆಯದರಲ್ಲಿ ಕಾಂಟ್ರಾಸ್ಟ್. ಮೂರನೆಯದರಲ್ಲಿ ಸ್ಯಾಚುರೇಷನ್ 50ರಿಂದ 35ರ ಆಸುಪಾಸಿಗೆ ಇಳಿಸಿ ನೆರಳಿಗೆ ಒಂಚೂರು ನೀಲಿ. ನಾಲ್ಕನೆಯದರಲ್ಲಿ ಮುಖದ ಸುತ್ತ ಮೆತ್ತನೆ ಅಂಚಿನ ಪವರ್ ವಿಂಡೋ (ಚಿತ್ರದ ಒಂದು ಭಾಗವನ್ನಷ್ಟೇ ಆರಿಸುವ ಆಕಾರ), ಅದನ್ನು ತಿರುಗಿಸಿ ಹೊರಗಿನದನ್ನು ತಗ್ಗಿಸುವುದು. ಇಷ್ಟಕ್ಕೆ ಅರ್ಧ ದಿನ ಮೀಸಲಿಡಿ, ಹೆಚ್ಚು ಬೇಡ. ಕಣ್ಣನ್ನು ನಂಬದೆ ಸ್ಕೋಪ್ (ಬೆಳಕಿನ ಮಟ್ಟ ತೋರಿಸುವ ನಕ್ಷೆ) ನೋಡಿ. ಮುಖದ ಬೆಳಕು ವೇವ್‌ಫಾರ್ಮಿನಲ್ಲಿ ತೀರಾ ತಳಕ್ಕೆ ಅಂಟಿಕೊಂಡಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಂಡದ್ದು ತರಗತಿಯ ಪ್ರೊಜೆಕ್ಟರಿನಲ್ಲಿ ಕಾಣುವುದಿಲ್ಲ. ಕಿಟಕಿಯ ಪರದೆಗಳೆಲ್ಲ ಎಳೆದಿರದ ಕೋಣೆಯಲ್ಲಿ ಹಗಲು ಹೊತ್ತು ತೋರಿಸುವುದಾದರಂತೂ ಇನ್ನೂ ಒಂದು ಹೆಜ್ಜೆ ಬೆಳಗಿಸಿ.

ಮೊಬೈಲಿನ 8 ಬಿಟ್ ಚಿತ್ರದಲ್ಲಿ ಕತ್ತಲ ಗೋಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬರುವುದುಂಟು. ಫಿಲ್ಮ್ ಗ್ರೇನ್ ಹಾಕಿ ಮುಚ್ಚೋಣವೆಂದರೆ ಅದೂ ಸ್ಟುಡಿಯೋ ಆವೃತ್ತಿಯ ಪಾಲು. ಶೂಟಿಂಗಿನಲ್ಲಿ ಬೋಳು ಗೋಡೆಯ ಬದಲು ಕಪಾಟು, ನೇತುಹಾಕಿದ ಬಟ್ಟೆ, ಗ್ರಿಲ್ಲಿನ ನೆರಳು ಏನಾದರೂ ಹಿಂದೆ ಇರಲಿ. ಪಟ್ಟೆಗಳು ಅದರಲ್ಲಿ ಅಡಗುತ್ತವೆ.

ಫೇರ್‌ಲೈಟ್: ಯಾರೂ ತೆರೆಯದ ಪುಟ

ಉಚಿತ ಆವೃತ್ತಿಯಲ್ಲಿ ಅತಿ ಬೆಲೆಯುಳ್ಳದ್ದು ಇದೇ. ಬಣ್ಣ ಕೆಟ್ಟ ಥ್ರಿಲ್ಲರನ್ನು ಜನ ನೋಡುತ್ತಾರೆ, ಸದ್ದು ಕೆಟ್ಟದ್ದನ್ನು ನೋಡುವುದಿಲ್ಲ. ಶೂಟಿಂಗ್ ಜಾಗದಲ್ಲಿ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದಿರಬೇಕು. ಫೇರ್‌ಲೈಟಿನ ನಾಯ್ಸ್ ರಿಡಕ್ಷನ್, ಚಿತ್ರದ್ದರ ಹಾಗಲ್ಲ, ಪುಕ್ಕಟೆಯಲ್ಲೇ ಇದೆ. ಮಾತಿಲ್ಲದ ತುಣುಕೊಂದನ್ನು ‘ಲರ್ನ್’ ಮಾಡಿಸಿದರೆ ಫ್ಯಾನಿನ ಗೊರಗೊರ ತಗ್ಗುತ್ತದೆ. ಪೂರ್ತಿ ತೆಗೆಯಲು ಹೋದರೆ ಮಾತು ಕೊಡದೊಳಗಿಂದ ಬಂದಂತಾಗುತ್ತದೆ. ಅರ್ಧ ತೆಗೆದು, ಉಳಿದದ್ದರ ಮೇಲೆ ಆ ಖಾಲಿ ಕೋಣೆಯ ಸದ್ದನ್ನು ಎರಡು ನಿಮಿಷ ಉದ್ದಕ್ಕೂ ಹಾಸಿಬಿಡಿ. ಕಟ್ ಕಟ್ಟಿಗೂ ಸದ್ದು ಎಗರುವುದು ನಿಲ್ಲುತ್ತದೆ.

ಅಂತರ್ಜಾಲದಲ್ಲಿ ಸಿಗುವ ‘ಹಾರರ್ ಬಿಜಿಎಂ’ ಹಾಕುವ ಮುಂಚೆ ಇದನ್ನು ಮಾಡಿ ನೋಡಿ. ಸೀಲಿಂಗ್ ಫ್ಯಾನಿನ ಸದ್ದನ್ನೋ ಫ್ರಿಜ್ಜಿನ ಗುಂಯ್ ಸದ್ದನ್ನೋ ಹತ್ತಿರದಿಂದ ಹಿಡಿಯಿರಿ. ಇನ್ಸ್‌ಪೆಕ್ಟರಿನಲ್ಲಿ ಪಿಚ್ 12 ಸೆಮಿಟೋನ್ ಕೆಳಗಿಳಿಸಿ. ಅದರ ಕೆಳಗಿನ ಟ್ರ್ಯಾಕಿನಲ್ಲಿ ಅದೇ ಸದ್ದಿನ ಇನ್ನೊಂದು ಪ್ರತಿಯನ್ನು ಪಿಚ್ ಇಳಿಸದೆ, ತೀರಾ ಮೆಲ್ಲಗೆ ಇಡಿ. ಕಾರಣವಿದೆ: ಮೊಬೈಲು, ಲ್ಯಾಪ್‌ಟಾಪುಗಳ ಸ್ಪೀಕರಿನಲ್ಲಿ 80 ಹರ್ಟ್ಸ್ ಕೆಳಗಿನದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ ಡ್ರೋನ್ (ಆ ಎಡೆಬಿಡದ ಗುಂಯ್ ಸದ್ದು) ಉಪನ್ಯಾಸಕರ ಫೋನಿನಲ್ಲಿ ಮೌನ. ಪಿಚ್ ಇಳಿಸದ ಪ್ರತಿ ಇದ್ದರೆ ಏನೋ ಇದೆ ಎಂಬಷ್ಟಾದರೂ ಕೇಳುತ್ತದೆ.

ಹವಾಯಿ ಚಪ್ಪಲಿ, ಚಿಲಕ, ಬೀಗದ ಕೈಗೊಂಚಲು, ಮೇಜಿನ ಮೇಲೆ ಕಂಪಿಸುವ ಫೋನು ಇವನ್ನೆಲ್ಲ ಬೇರೆಯಾಗಿ ರೆಕಾರ್ಡ್ ಮಾಡಿ ಕೂರಿಸಿ. ಸಿಗದವಕ್ಕೆ ಕಂಪನಿಯದೇ ಉಚಿತ ಫೇರ್‌ಲೈಟ್ ಸೌಂಡ್ ಲೈಬ್ರರಿ ಇದೆ, ಸುಮಾರು 500 ಸದ್ದುಗಳು, ಬೇರೆಯಾಗಿ ಇಳಿಸಿಕೊಳ್ಳಬೇಕು. ಆದರೆ ಅದರ ಬಾಗಿಲುಗಳು ನಮ್ಮ ಬಾಗಿಲುಗಳಲ್ಲ. ಕಬ್ಬಿಣದ ಅಗುಳಿಯ ಸದ್ದನ್ನು ನೀವೇ ಹಿಡಿಯಬೇಕು. ಮಟ್ಟಗಳು ಸುಮಾರು ಹೀಗಿರಲಿ: ಮಾತಿನ ಶಿಖರ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್, ಕೋಣೆಯ ಸದ್ದು ಮೈನಸ್ 35ರ ಹತ್ತಿರ, ಬೆಚ್ಚಿಬೀಳಿಸುವ ಒಂದೇ ಒಂದು ಸದ್ದು ಮೈನಸ್ 3. ಆ ಒಂದಕ್ಕೆ ಮುಂಚೆ ಡ್ರೋನು, ಕೋಣೆಯ ಸದ್ದು ಎಲ್ಲವನ್ನೂ 20 ಫ್ರೇಮು ಪೂರ್ತಿ ಕತ್ತರಿಸಿ. ಬೆಚ್ಚಿಬೀಳಿಸುವುದು ಆ ಖಾಲಿ.

ಹೊರತೆಗೆಯುವುದು

ಡೆಲಿವರ್ ಪುಟದಲ್ಲಿ ಎಂಪಿ4, ಎಚ್.264, ಬಿಟ್‌ರೇಟ್ 20,000 ಕಿಲೋಬಿಟ್‌ಗೆ ಕಡಿಮೆಯಿಲ್ಲದೆ. ಯೂಟ್ಯೂಬಿಗೆ ಹಾಕುವುದಾದರೆ 1080ರ ಬದಲು 3840×2160ಕ್ಕೆ ಹಿಗ್ಗಿಸಿ ಹೊರತೆಗೆಯಿರಿ. ಉಚಿತ ಆವೃತ್ತಿಯ ಗರಿಷ್ಠ ಅಳತೆ ಅದೇ. ದೊಡ್ಡ ಅಳತೆಯ ವಿಡಿಯೋಗೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ ಕೊಡುವುದರಿಂದ ಕತ್ತಲ ಭಾಗ ಚೌಕ ಚೌಕವಾಗಿ ಒಡೆಯುವುದು ಕಡಿಮೆಯಾಗುತ್ತದೆ. ಮ್ಯಾಕ್‌ನಲ್ಲಿ ಹೊರತೆಗೆದದ್ದು ಕ್ವಿಕ್‌ಟೈಮ್‌ನಲ್ಲಿ ಬಿಳಿಚಿಕೊಂಡು ಕಂಡರೆ ಗಾಬರಿಯಾಗಿ ಮತ್ತೆ ಬಣ್ಣ ತಿದ್ದಬೇಡಿ. ಗಾಮಾ ಟ್ಯಾಗನ್ನು ರೆಕ್.709-ಎ ಮಾಡಿ ನೋಡಿ.

ಅವಲೋಕನ ಬರೆಯಲು

ಓಸಿಆರ್‌ನ ಏಳು ಪ್ರಶ್ನೆಗಳಲ್ಲಿ ಆರನೆಯದು ಈ ಚಿತ್ರ ಮಾಡುತ್ತ ತಂತ್ರಜ್ಞಾನದ ಬಗ್ಗೆ ಏನು ಕಲಿತಿರಿ ಎಂದು ಕೇಳುತ್ತಿತ್ತು. ಏಳನೆಯದು, ಮೊದಲ ತಾಲೀಮಿನಿಂದ ಇಲ್ಲಿಯವರೆಗೆ ಏನು ಬದಲಾಯಿತು ಎಂದು. ಆ ತಾಲೀಮು ಸರಳ: ಒಬ್ಬ ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬನ ಎದುರು ಕುಳಿತು ಒಂದೆರಡು ಮಾತಾಡುವುದು. ‘ನಾವು ಎಡಿಟಿಂಗ್ ಕಲಿತೆವು’ ಎಂಬ ಉತ್ತರಕ್ಕೆ ಯಾರೂ ಅಂಕ ಕೊಡುವುದಿಲ್ಲ. ಇಲ್ಲಿ ರಿಸಾಲ್ವ್ ತಾನು ಹೇಳಿಕೊಳ್ಳದ ಉಪಕಾರ ಮಾಡುತ್ತದೆ. ಪ್ರತಿದಿನ ಟೈಮ್‌ಲೈನನ್ನು ಡೂಪ್ಲಿಕೇಟ್ ಮಾಡಿ ದಿನಾಂಕದ ಹೆಸರಿಡಿ. ಏನಾದರೂ ತೆಗೆದಾಗ, ಸೇರಿಸಿದಾಗ ಎಂ ಕೀಲಿಯನ್ನು ಎರಡು ಸಲ ಒತ್ತಿದರೆ ಮಾರ್ಕರಿನ ಪೆಟ್ಟಿಗೆ ತೆರೆಯುತ್ತದೆ, ಅದರಲ್ಲಿ ಕಾರಣ ಕನ್ನಡದಲ್ಲೇ ಬರೆದಿಡಿ: ‘ಮುಖ 40 ಸೆಕೆಂಡಿಗೆ ಮೊದಲೇ ಕಂಡಿತು, ಕುತೂಹಲ ಸತ್ತಿತು, ಕೈಯ ಶಾಟ್ ಹಾಕಿದೆವು’. ಬಣ್ಣದ ಪುಟದಲ್ಲಿ ಗ್ರೇಡಿಂಗ್ ಮುಂಚಿನ, ನಂತರದ ಸ್ಟಿಲ್ ಗ್ಯಾಲರಿಗೆ ತೆಗೆದಿಡಿ. ತಿಂಗಳಾದ ಮೇಲೆ ನೆನಪಿನಿಂದ ಬರೆಯುವುದಕ್ಕೂ ಇದನ್ನು ಎದುರಿಗಿಟ್ಟು ಬರೆಯುವುದಕ್ಕೂ ಅಜಗಜಾಂತರ.

ಮೊದಲ ರಫ್ ಕಟ್ಟನ್ನು ಕಥೆ ಗೊತ್ತಿಲ್ಲದ ಮೂವರಿಗೆ ತೋರಿಸಿ, ಯಾವ ಕ್ಷಣದಲ್ಲಿ ಫೋನ್ ಕಡೆ ಕಣ್ಣು ಹಾಯಿಸಿದರು ಎಂದು ಆ ಜಾಗದಲ್ಲಿ ಕೆಂಪು ಮಾರ್ಕರ್ ಹಾಕಿ. ಮೂವರ ಮಾರ್ಕರೂ ಒಂದೇ ಕಡೆ ಬಿದ್ದರೆ ಅಲ್ಲಿ ಕತ್ತರಿ ಬೇಕು.

ಸ್ಟುಡಿಯೋ ಆವೃತ್ತಿಯ ಬೆಲೆ 295 ಡಾಲರ್, ಒಮ್ಮೆ ಕೊಟ್ಟರೆ ಆಯಿತು, ತಿಂಗಳು ತಿಂಗಳು ಕಟ್ಟಬೇಕಿಲ್ಲ. ವಿದ್ಯಾರ್ಥಿ ಒಬ್ಬೊಬ್ಬರೇ ಕೊಳ್ಳುವ ಅಗತ್ಯವಿಲ್ಲ. ಕಾಲೇಜು ಕೊಳ್ಳುವುದಾದರೆ ಲ್ಯಾಬಿನ ಒಂದು ಯಂತ್ರಕ್ಕೆ ಸಾಕು. ನಾಯ್ಸ್ ತೆಗೆಯಲೇಬೇಕಾದ ಎರಡು ಮೂರು ಶಾಟುಗಳನ್ನು ಅಲ್ಲಿಗೆ ಒಯ್ದು, ತೊಳೆದು, ವಾಪಸ್ ತರಬಹುದು. ಆ ದುಡ್ಡಿಗೆ ಮುಂಚೆ ಒಂದು ಒಳ್ಳೆಯ, ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕು, ಎರಡು ಮಬ್ಬುಗೊಳಿಸಬಹುದಾದ ಎಲ್‌ಇಡಿ ದೀಪ ಬರಲಿ.